ಹಳೆಯ ಮೋಟಾರ್ ಸೈಕಲ್ಲಿನ ಪರೀಕ್ಷೆ

ಹಳೆಯ ಮೋಟಾರ್ ಸೈಕಲ್ಲನ್ನು ಕೊಳ್ಳಹೊರಟ ತರುಣನು ಮೊದಲು ನೋಡುವುದು ಹೊಳೆಯುವ ಬಣ್ಣವನ್ನು; ಅನಂತರ ಮೀಟರಿನ ಅಂಕಿಗಳನ್ನು. ಬಣ್ಣವನ್ನು ಹೊಸದಾಗಿ ಬಳಿಯಬಹುದು. ಅಂಕಿಗಳನ್ನು ಹಿಂದಕ್ಕೆ ತಿರುಗಿಸಬಹುದು. ಆದುದರಿಂದ ಎಂಜಿನ್ನನ್ನೇ ವಿಚಾರಿಸುವುದು ಲೇಸೆಂದು ನನ್ನ ಅಭಿಪ್ರಾಯ.

ವಿಚಾರಣೆಗೆ ತಣ್ಣಗಿರುವ ಎಂಜಿನ್ನೇ ಬೇಕು. ನಾವು ಹೋಗುವ ಮುನ್ನವೇ ಅದು ಬಿಸಿಯಾಗಿದ್ದರೆ ಪರೀಕ್ಷೆಯನ್ನು ಮರುದಿನಕ್ಕೆ ಮುಂದೂಡಬೇಕು. ಏಕೆಂದರೆ ಚಾಲೂ ಮಾಡುವಾಗಿನ ತೊಂದರೆಗಳು ಆ ಬಿಸಿಯಲ್ಲಿ ಮರೆಯಾಗಬಲ್ಲವು. ಚಾಲೂ ಆದ ಬಳಿಕ ಹೊಗೆಯನ್ನು ಗಮನಿಸಬೇಕು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಿಂದ ನೀಲಿ ಹೊಗೆಯು ನಿಲ್ಲದೆ ಬರುತ್ತಿದ್ದರೆ ಒಳಗೆ ಎಣ್ಣೆಯು ಉರಿಯುತ್ತಿದೆಯೆಂದು ತಿಳಿಯಬೇಕು. ಪಿಸ್ಟನ್ನಿನ ರಿಂಗುಗಳು ಸವೆದಿರುವುದು ಇದಕ್ಕೊಂದು ಸಾಮಾನ್ಯ ಕಾರಣ. ಆದರೆ 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಎರಡು ಸ್ಟ್ರೋಕಿನವು. ಅವುಗಳಲ್ಲಿ ಪೆಟ್ರೋಲಿನೊಡನೆ ಎಣ್ಣೆಯೂ ಉರಿಯುವುದರಿಂದ ಸ್ವಲ್ಪ ನೀಲಿ ಹೊಗೆ ಸಹಜವೇ.

ಒಂದರಲ್ಲಿ ರೋಗವಾದ ಲಕ್ಷಣವು ಇನ್ನೊಂದರಲ್ಲಿ ರೋಗವಲ್ಲ. ಯಂತ್ರದ ರಚನೆಯನ್ನು ಅರಿಯದವನಿಗೆ ಈ ಭೇದವು ಹೊಳೆಯದು. ಎಂಜಿನ್ನಿನ ಚಿತ್ರವನ್ನು ಬರೆದು ಪರೀಕ್ಷೆಯಲ್ಲಿ ಅಂಕ ಗಳಿಸಿದ ವಿದ್ಯಾರ್ಥಿಯು, ತಂದೆಯು ಕೂಡಿಟ್ಟ ಹಣವನ್ನು ಮಾರುವವನ ಕೈಗೆ ಕೊಡುವ ಮುನ್ನ ಆ ಪಾಠವನ್ನು ಒಮ್ಮೆ ನೆನೆಯಲಿ.