ಚಲನ್ ಎಂದರೆ ಆರೋಪ, ಬಿಲ್ಲಲ್ಲ

ಕನ್ನಡದಲ್ಲಿ ಚಲನ್ ಎಂಬ ಮಾತಿಗೆ ಹಳೆಯ ಅರ್ಥವೊಂದಿದೆ: ಖಜಾನೆಗೋ ಬ್ಯಾಂಕಿಗೋ ದುಡ್ಡು ಕಟ್ಟುವಾಗ ತುಂಬುವ ಚೀಟಿ. ಪರೀಕ್ಷಾ ಶುಲ್ಕಕ್ಕೆ ಚಲನ್, ಕಂದಾಯಕ್ಕೆ ಚಲನ್. ಕಟ್ಟಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ, ಚೀಟಿ ತುಂಬುವುದಷ್ಟೇ ಬಾಕಿ. ಅತಿವೇಗದ ನೋಟಿಸಿಗೂ ಅದೇ ಹೆಸರು ಅಂಟಿಕೊಂಡಿದೆ. ಹಾಗಾಗಿ ಮೊಬೈಲಿಗೆ ಸಂದೇಶ ಬಂದ ಕೂಡಲೇ ಜನ 'ಎಷ್ಟು?' ಎಂದು ಕೇಳುತ್ತಾರೆ. 'ನಿಜವಾ?' ಎಂದು ಕೇಳುವವರು ಅಪರೂಪ.

ಕಾನೂನಿನ ಕಣ್ಣಲ್ಲಿ ಅದು ಬಿಲ್ಲಲ್ಲ, ಆರೋಪ. ಮೋಟಾರು ವಾಹನ ಕಾಯ್ದೆಯ 183ನೇ ಕಲಮಿನ ಪ್ರಕಾರ ಅತಿವೇಗಕ್ಕೆ ಕಾರಿನಂಥ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಲಾರಿ ಬಸ್ಸುಗಳಿಗೆ 2,000ದಿಂದ 4,000 ರೂಪಾಯಿ ದಂಡ. ಅದೇ ಕಲಮಿನ ಮೂರನೇ ಉಪಕಲಮು ಇನ್ನೊಂದು ಮಾತು ಹೇಳುತ್ತದೆ: ಒಬ್ಬ ಸಾಕ್ಷಿಯ ಬರೀ ಅಂದಾಜಿನ ಮೇಲೆ ಯಾರನ್ನೂ ಶಿಕ್ಷಿಸುವಂತಿಲ್ಲ, ಆ ಅಂದಾಜು ಯಂತ್ರದ ಅಳತೆಯಿಂದ ಬಂದಿರಬೇಕು. ಆ ಯಂತ್ರಕ್ಕೂ ನಿಯಮವಿದೆ. 2021ರ ಆಗಸ್ಟಿನಲ್ಲಿ ಸೇರಿದ 167ಎ ನಿಯಮದಂತೆ ಕ್ಯಾಮೆರಾಕ್ಕೆ ವರ್ಷವರ್ಷವೂ ನವೀಕರಿಸಿದ ಅನುಮೋದನಾ ಪತ್ರ ಇರಬೇಕು, ಮುಂದೆ ಕ್ಯಾಮೆರಾ ಇದೆ ಎಂಬ ಎಚ್ಚರಿಕೆ ಫಲಕ ಎದ್ದು ಕಾಣಬೇಕು, ನೋಟಿಸನ್ನು 15 ದಿನದೊಳಗೆ ಕಳುಹಿಸಬೇಕು, ಪ್ರಕರಣ ಮುಗಿಯುವ ತನಕ ದಾಖಲೆಯನ್ನು ಉಳಿಸಿಕೊಳ್ಳಬೇಕು. ಇವೆಲ್ಲ ಆರೋಪಿಯ ಪರವಾಗಿ ಬರೆದಿಟ್ಟ ಮಾತುಗಳು. ಕೇಳುವವರಿಲ್ಲದೆ ಧೂಳು ತಿನ್ನುತ್ತಿವೆ.

ಕೇಳದಿರುವುದಕ್ಕೆ ಕಾರಣ ಸೋಮಾರಿತನವಲ್ಲ, ದೂರ. ಮಂಗಳಗಿರಿಯನ್ನೇ ತೆಗೆದುಕೊಳ್ಳಿ. ಗುಂಟೂರಿಗೂ ವಿಜಯವಾಡಕ್ಕೂ ನಡುವೆ ರಾಷ್ಟ್ರೀಯ ಹೆದ್ದಾರಿ 16ರ ಮೇಲಿರುವ ಊರು. ಕನ್ನಡಿಗರಿಗೆ ಅದು ಪಾನಕಾಲ ನರಸಿಂಹನ ಬೆಟ್ಟ, ಕೈಮಗ್ಗದ ಸೀರೆ. ಆಂಧ್ರ ಪೊಲೀಸರ ಪ್ರಧಾನ ಕಚೇರಿಯೂ ಅಲ್ಲೇ. ಬ್ಯಾಡಗಿ ಮೆಣಸಿನಕಾಯಿ ತುಂಬಿಕೊಂಡು ಗುಂಟೂರು ದಾಟಿ ವಿಜಯವಾಡಕ್ಕೆ ಹೊರಟ ಹಾವೇರಿ ಕಡೆಯ ಲಾರಿಯೊಂದಕ್ಕೆ ಅಲ್ಲಿ ಅತಿವೇಗದ ನೋಟಿಸು ಬಂತು ಎಂದುಕೊಳ್ಳಿ. ಚಾಲಕನಿಗೆ ಅನುಮಾನ: ಲೋಡಿದ್ದ ಗಾಡಿ ಅಷ್ಟು ಓಡಿತೇ? ತಕರಾರು ಎತ್ತಿದರೆ ಪ್ರಕರಣ ಕೊನೆಗೆ ಆ ವ್ಯಾಪ್ತಿಯ ಕೋರ್ಟಿಗೆ ಹೋಗಬಹುದು. ಬೆಂಗಳೂರಿನಿಂದಲೇ ಅದು ಆರುನೂರು ಕಿಲೋಮೀಟರಿಗೂ ದೂರ. ಹೋಗಿ ಬರುವ ಖರ್ಚು, ತಪ್ಪಿದ ಟ್ರಿಪ್ಪು, ವಕೀಲರ ಫೀಸು ಎಲ್ಲ ಸೇರಿದರೆ ದಂಡವೇ ಅಗ್ಗ. ಮಾಲೀಕ ಕಟ್ಟಿ ಬಾಟಾದಲ್ಲಿ ಮುರಿದುಕೊಳ್ಳುತ್ತಾನೆ. ಕೈ ತೊಳೆದುಕೊಂಡಂತಾಯಿತು ಎಂಬ ಸಮಾಧಾನ.

ಆದರೆ ಅದು ಅಲ್ಲಿಗೆ ಮುಗಿಯುವುದಿಲ್ಲ. ಕಟ್ಟಿ ಮುಗಿಸುವುದಕ್ಕೆ ಕಾನೂನಿನಲ್ಲಿ ರಾಜಿ ಎನ್ನುತ್ತಾರೆ, ಅದು 200ನೇ ಕಲಮು. 2019ರ ತಿದ್ದುಪಡಿ ಅದಕ್ಕೊಂದು ಬಾಲ ಜೋಡಿಸಿತು: ರಾಜಿಯಾದರೂ, ಮುಂದೆ ಅದೇ ಅಪರಾಧ ನಡೆದರೆ ಇದನ್ನು ಮೊದಲನೆಯದೆಂದು ಲೆಕ್ಕ ಹಿಡಿಯಬೇಕು. ಅತಿವೇಗ ಎರಡನೇ ಸಲವಾದರೆ ಚಾಲನಾ ಪರವಾನಗಿಯನ್ನೇ ವಶಪಡಿಸಿಕೊಳ್ಳಬಹುದು. ಊರಿನ ಆಡುಮಾತಿನಲ್ಲಿ ರಾಜಿ ಎಂದರೆ ಜಗಳ ಅಲ್ಲಿಗೆ ಮುಗಿಯಿತು ಎಂದರ್ಥ. ಈ ರಾಜಿ ಮುಗಿದ ಜಗಳವನ್ನು ನೆನಪಿಟ್ಟುಕೊಂಡು ಕೂತಿರುತ್ತದೆ. ಚಾಲಕನ ಮಟ್ಟಿಗೆ ಪರವಾನಗಿಯೇ ಅನ್ನ. ತಾನು ಮಾಡದ ತಪ್ಪಿಗೆ 2,000 ಕಟ್ಟಿದವನು ಎರಡನೇ ನೋಟಿಸಿನ ಹೊತ್ತಿಗೆ ಹಳೆಯ ಅಪರಾಧಿ.

ಇದರ ಜತೆಗೆ ಸರ್ಕಾರಗಳೇ ಶುರು ಮಾಡಿದ ಆಷಾಢ ಸೇಲ್ ಬೇರೆ. ತೆಲಂಗಾಣ 2022ರಲ್ಲಿ ದ್ವಿಚಕ್ರ ವಾಹನಗಳ ಬಾಕಿ ದಂಡಕ್ಕೆ ಶೇ 75 ರಿಯಾಯಿತಿ ಕೊಟ್ಟಿತು. ಕರ್ನಾಟಕ 2023ರ ಫೆಬ್ರವರಿಯಲ್ಲಿ ಶೇ 50 ಕೊಟ್ಟಿತು, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಕೊಟ್ಟಿತು. ಬಾಕಿ ತೀರಲಿ ಎಂಬುದು ವಾದ. ಫಲವೇನು? ಮಾರನೆಯ ದಿನವೇ ಪೂರ್ತಿ ಕಟ್ಟಿದ ಪ್ರಾಮಾಣಿಕ ಪೆದ್ದನಾದ, ತಡೆದವನು ಜಾಣನಾದ. ತಪ್ಪೇ ಮಾಡದವನಿಗೂ ಅರ್ಧ ಬೆಲೆಯ ಆಮಿಷ. ನಿಜವಾದ ತಪ್ಪಿಗೆ ರಿಯಾಯಿತಿ ಏಕೆ? ಸುಳ್ಳು ಆರೋಪಕ್ಕೆ ಅರ್ಧವಾದರೂ ಏಕೆ?

'ರಸ್ತೆಯಲ್ಲಿ ಜನ ಸಾಯುತ್ತಿರುವಾಗ ನಿಮಗೆ ಫಲಕದ ಚಿಂತೆಯೇ?' ಎಂದು ಕೇಳುವವರಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಆದ ಸಾವುಗಳನ್ನು ನೋಡಿದ ಮೇಲೆ ಕ್ಯಾಮೆರಾ ಬೇಡ ಎನ್ನುವುದು ಸಲ್ಲದು. ಓಡಿಸಿದ್ದು ನಿಜವಾದರೆ ಕಟ್ಟಬೇಕು, ರಿಯಾಯಿತಿಗೆ ಕಾಯದೆ ಪೂರ್ತಿ ಕಟ್ಟಬೇಕು. ಸಣ್ಣ ತಾಂತ್ರಿಕ ಸಂದು ಹುಡುಕಿ ನುಸುಳುವವರ ಪರವಾಗಿ ಇಲ್ಲಿ ಒಂದು ಮಾತೂ ಇಲ್ಲ. ಆದರೆ ಕ್ಯಾಮೆರಾದ ಅಂಕಿಯ ತೂಕ ಹೆಚ್ಚಾಗುತ್ತಿದೆ. 2024ರ ಆಗಸ್ಟ್ 1ರಿಂದ ಕರ್ನಾಟಕದಲ್ಲಿ ಗಂಟೆಗೆ 130 ಕಿಲೋಮೀಟರ್ ಮೀರಿದರೆ ಎಫ್‌ಐಆರ್. ಒಬ್ಬನನ್ನು ಕ್ರಿಮಿನಲ್ ಪ್ರಕರಣಕ್ಕೆ ಎಳೆಯಬಲ್ಲ ಅಂಕಿಯನ್ನು ಪರೀಕ್ಷಿಸುವ ಹಕ್ಕು ಅವನಿಗಿರಬೇಕು. ತಕ್ಕಡಿಗೆ ಮುದ್ರೆ ಇದೆಯೇ ಎಂದು ಸಂತೆಯಲ್ಲಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಹಾಗಾದರೆ ಕೋರ್ಟಿಗೆ ಹೋಗಬೇಕೇ? ಅನುಮಾನ ಪ್ರಾಮಾಣಿಕವಾಗಿದ್ದರೆ ಹೋಗಬೇಕು. ಮೊದಲು ಫೋಟೊದಲ್ಲಿರುವುದು ತನ್ನದೇ ಗಾಡಿಯೇ, ಜಾಗ ಮತ್ತು ಸಮಯ ಸರಿಯೇ, ನೋಟಿಸು ಯಾವಾಗ ಬಂತು ಎಂದು ನೋಡಬೇಕು. ಲಾರಿಯ ಜಿಪಿಎಸ್ ದಾಖಲೆ ಅಳಿಯುವ ಮುನ್ನ ಎತ್ತಿಟ್ಟುಕೊಳ್ಳಬೇಕು. ಯಂತ್ರದ ಅನುಮೋದನಾ ಪತ್ರವನ್ನು ಬರಹದಲ್ಲಿ ಕೇಳಬೇಕು.

ಉಳಿದದ್ದು ಸರ್ಕಾರದ ಪಾಲು. ಪ್ರತಿ ನೋಟಿಸಿನಲ್ಲೂ ಅನುಮೋದನಾ ಪತ್ರದ ಸಂಖ್ಯೆ, ಫಲಕವಿರುವ ಜಾಗ ಅಚ್ಚಾಗಲಿ. ಹೊರರಾಜ್ಯದವರು ತಮ್ಮ ಜಿಲ್ಲಾ ಕೋರ್ಟಿನಲ್ಲೇ ಕೂತು ವಿಡಿಯೊ ಮೂಲಕ ಮಂಗಳಗಿರಿಗೆ ಉತ್ತರ ಹೇಳುವಂತಾಗಲಿ. ಆರೋಪಿಗೆ ಗೊತ್ತಿಲ್ಲದ ಭಾಷೆಯಲ್ಲಿ ಸಾಕ್ಷ್ಯ ನುಡಿದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು ಅಪರಾಧ ಪ್ರಕ್ರಿಯೆಯ ಕಾನೂನು ಹೇಳುತ್ತದೆ, ತೆಲುಗಿನ ಕೋರ್ಟಿನಲ್ಲಿ ನಿಂತ ಕನ್ನಡದ ಚಾಲಕನಿಗೂ ಅದು ಸಲ್ಲಲಿ. ರಿಯಾಯಿತಿ ಮೇಳಗಳು ನಿಲ್ಲಲಿ.

ದಂಡ ಕಟ್ಟಲು ಒಂದು ಬೆರಳು ಸಾಕು, ಇಲ್ಲ ಎನ್ನಲು ಎರಡು ದಿನದ ಸಂಪಾದನೆ ಬೇಕು. ಇಷ್ಟು ವ್ಯತ್ಯಾಸ ಇರುವ ತನಕ ಕಟ್ಟಿದ ದುಡ್ಡನ್ನು ಯಾರೂ ತಪ್ಪೊಪ್ಪಿಗೆ ಎಂದು ಕರೆಯಬಾರದು.