ಕಾಯಿಲ್ ಬಾಳಿಕೆ ಕೇಳುವ ಹುಡುಗರಿಗೆ, ಕೇಳದಂತೆ ಕೂತ ಮನೆಯವರಿಗೆ

ಗಲ್ಫಿನಿಂದ ರಜೆಗೆ ಬರುವ ನಮ್ಮ ಹುಡುಗರು ಈಗ ನನ್ನಲ್ಲಿ ಇನ್ವರ್ಟರ್ ವಿಷಯ ಕೇಳುವುದಿಲ್ಲ, ಪಂಪಿನ ವಿಷಯವನ್ನೂ ಕೇಳುವುದಿಲ್ಲ. ವೈರಿಂಗ್ ಕೆಲಸದವನೆಂದು ಗೊತ್ತಿರುವ ಕಾರಣ ಬದಿಗೆ ಕರೆದು ಕೇಳುವುದು ಒಂದೇ: "ಕಾಕಾ, ವೋಲ್ಟೇಜ್ ಜಾಸ್ತಿ ಇಟ್ಟರೆ ವೇಪಿನ ಕಾಯಿಲ್ ಬೇಗ ಸುಟ್ಟು ಹೋಗ್ತದೆ. ಹೆಚ್ಚು ದಿನ ಬರ್ಲಿಕ್ಕೆ ಎಂತ ಮಾಡ್ಬೇಕು?"

ಈ ಪ್ರಶ್ನೆಗೆ ಬೈಗುಳದ ಉತ್ತರ ಕೊಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ವಿಷಯ ತಿಳಿಯದೆ ಬೈದರೆ ಹುಡುಗರು ಒಳಗೊಳಗೇ ನಗುತ್ತಾರೆ. ಹಾಗಾಗಿ ನಾನು ಮೊದಲು ಕಾಯಿಲಿನ ವಿಷಯವನ್ನೇ ಹೇಳುತ್ತೇನೆ, ಜಗಳ ಆಮೇಲೆ.

ಬಿಸಿಯ ಲೆಕ್ಕ ಸುಲಭ. ವೋಲ್ಟೇಜನ್ನು ವೋಲ್ಟೇಜಿನಿಂದಲೇ ಗುಣಿಸಿ, ಕಾಯಿಲಿನ ಓಮಿನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. 1.2 ಓಮಿನ ಕಾಯಿಲಿಗೆ 3.3 ವೋಲ್ಟ್ ಕೊಟ್ಟರೆ ಸುಮಾರು 9 ವ್ಯಾಟ್. ಅದಕ್ಕೇ 5 ವೋಲ್ಟ್ ಕೊಟ್ಟರೆ ಸುಮಾರು 21 ವ್ಯಾಟ್. ವೋಲ್ಟೇಜ್ ಏರಿದ್ದು ಒಂದೂವರೆ ಪಟ್ಟು, ಬಿಸಿ ಏರಿದ್ದು ಎರಡು ಪಟ್ಟಿಗಿಂತ ಹೆಚ್ಚು. "ಸ್ವಲ್ಪವೇ ಜಾಸ್ತಿ ಮಾಡಿದ್ದು" ಎನ್ನುವವರಿಗೆ ಈ ಸ್ವಲ್ಪ ಎಷ್ಟೆಂದು ಗೊತ್ತಿಲ್ಲ.

ಇನ್ನು ಸುಡುವುದು ಏನು? ತಂತಿಯಲ್ಲ. ನಿಕ್ರೋಮ್, ಕ್ಯಾಂಥಲ್ ತಂತಿಗಳು ಕರಗಬೇಕಾದರೆ ಸಾವಿರದ ನಾನೂರು ಡಿಗ್ರಿಯ ಆಸುಪಾಸು ಬೇಕು. ಸುಡುವುದು ತಂತಿಯ ಒಳಗಿರುವ ಹತ್ತಿ, ಮತ್ತು ತಂತಿಯ ಮೇಲೆ ಕೂತ ಸಿಹಿಯ ಕರಿ. ಹತ್ತಿ ಒದ್ದೆಯಿರುವಷ್ಟು ಹೊತ್ತು ದ್ರವ ಕುದಿದು ಬಿಸಿಯನ್ನು ಹಿಡಿದಿಡುತ್ತದೆ. ಗಂಜಿಯ ಪಾತ್ರೆಯಲ್ಲಿ ನೀರಿರುವ ತನಕ ತಳ ಹತ್ತುವುದಿಲ್ಲವಲ್ಲ, ಹಾಗೆ. ವ್ಯಾಟ್ ಏರಿಸಿದರೆ ದ್ರವ ಬೇಗ ಆವಿಯಾಗುತ್ತದೆ, ಆದರೆ ದಪ್ಪ ಗ್ಲಿಸರಿನ್ ಹತ್ತಿಯೊಳಗೆ ತನ್ನ ನಿಧಾನದಲ್ಲೇ ಏರುತ್ತದೆ. ಹತ್ತಿ ಒಣಗುತ್ತದೆ, ತಳ ಹತ್ತುತ್ತದೆ. ಮಾವು, ಕಲ್ಲಂಗಡಿ, ಐಸ್‌ಕ್ರೀಮ್ ಎಂದು ಮಾರುವ ದ್ರವಗಳಲ್ಲಿ ಸಿಹಿ ಹೆಚ್ಚಿದ್ದರೆ ಇನ್ನೂ ಬೇಗ.

ಆದ್ದರಿಂದ ವೋಲ್ಟೇಜೂ ಹೆಚ್ಚಿರಬೇಕು, ಬಾಳಿಕೆಯೂ ಬೇಕು ಎಂದರೆ ಓಮ್ ಹೆಚ್ಚಿರುವ ಕಾಯಿಲ್ ಹಾಕಬೇಕು. 2.4 ಓಮಿಗೆ 5 ವೋಲ್ಟ್ ಕೊಟ್ಟರೆ 10 ವ್ಯಾಟ್ ಚಿಲ್ಲರೆ. ಅಂದರೆ ಹೆಚ್ಚಿಸಿದ ವೋಲ್ಟೇಜಿನಿಂದ ಏನೂ ಹೆಚ್ಚಲಿಲ್ಲ, ಮೊದಲಿನ ಬಿಸಿಗೇ ಬಂದು ನಿಂತಿತು! ಹುಡುಗರಿಗೆ ಬೇಕಾದದ್ದು ಇದಲ್ಲ. ಅವರಿಗೆ ಬೇಕು ದೊಡ್ಡ ಮೋಡ, ಗಂಟಲಿಗೆ ಹೊಡೆತ, ಜೊತೆಗೆ ಹಳೆಯ ಕಾಯಿಲ್. ಮೂರೂ ಒಟ್ಟಿಗೆ ಸಿಗುವುದಿಲ್ಲ.

ಈಗ ಜಗಳಕ್ಕೆ ಬರುತ್ತೇನೆ. ಕಾಯಿಲಿಗೆ ಇಷ್ಟು ಮರುಕ ತೋರಿಸುವವರು ಅದರ ಇನ್ನೊಂದು ತುದಿಯಲ್ಲಿ ಏನಿದೆ ಎಂದು ನೋಡುತ್ತಿಲ್ಲ. ತಳ ಹತ್ತಿದಾಗ ಹುಟ್ಟುವುದು ಬರೀ ಕೆಟ್ಟ ರುಚಿಯಲ್ಲ. ಬಾಣಲೆಯ ಎಣ್ಣೆ ಅತಿಯಾಗಿ ಕಾದಾಗ ಕಣ್ಣು ಮೂಗು ಉರಿಸುವ ಹೊಗೆ ಬರುತ್ತದಲ್ಲ, ಅದರಲ್ಲಿರುವ ಅಕ್ರೋಲಿನ್ ಗ್ಲಿಸರಿನ್ ಒಡೆದಾಗಲೂ ಹುಟ್ಟುತ್ತದೆ. 2015ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯದವರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದದ್ದು ಇದೇ ವೋಲ್ಟೇಜಿನ ಕುರಿತು: 3.3 ವೋಲ್ಟಿನಲ್ಲಿ ಕಾಣದ ಫಾರ್ಮಾಲ್ಡಿಹೈಡ್ ಸಂಯುಕ್ತಗಳು 5 ವೋಲ್ಟಿನಲ್ಲಿ ಕಂಡವು. ಅದಕ್ಕೆ ಆಕ್ಷೇಪವೂ ಬಂತು. ಅಷ್ಟು ಬಿಸಿಯಲ್ಲಿ ಹೊಗೆ ಎಷ್ಟು ಕಹಿಯೆಂದರೆ ಯಾರೂ ಎಳೆಯಲಾರರು, ಆದ್ದರಿಂದ ಆ ಲೆಕ್ಕ ನಿಜ ಬಳಕೆಗೆ ಹೊಂದುವುದಿಲ್ಲ ಎಂದರು ಇನ್ನು ಕೆಲವು ಸಂಶೋಧಕರು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಹೊಸ ಕಾಯಿಲಿಗೆ ದುಡ್ಡು ಕೊಡಲು ಮನಸ್ಸಿಲ್ಲದೆ, ಕಹಿ ಬಂದರೂ "ಇನ್ನೊಂದು ದಿನ ನೋಡುವಾ" ಎನ್ನುವವನು ನಮ್ಮ ಮುಂದೆಯೇ ಕೂತಿದ್ದಾನಲ್ಲ? ಬಾಳಿಕೆ ಕೇಳುವುದೇ ಅವನು.

ಕೆಲವರು ಹತ್ತಿ ತೆಗೆದು, ಕಾಯಿಲನ್ನು ಕೆಂಪಗೆ ಕಾಯಿಸಿ ಕರಿ ಸುಟ್ಟು ಮತ್ತೆ ಹಾಕುತ್ತಾರೆ. ಅದನ್ನು ಕ್ಲೀನಿಂಗ್ ಎನ್ನುತ್ತಾರೆ. ತಂತಿ ಎಂದರೆ ನಿಕಲ್, ಕ್ರೋಮಿಯಂ, ಕಬ್ಬಿಣ. 2018ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು 56 ಮಂದಿ ವೇಪ್ ಎಳೆಯುವವರ ಸ್ವಂತ ಉಪಕರಣಗಳನ್ನೇ ಪರೀಕ್ಷಿಸಿದರು. ಬಾಟಲಿಯ ದ್ರವದಲ್ಲಿ ಇದ್ದದ್ದಕ್ಕಿಂತ ಎಷ್ಟೋ ಹೆಚ್ಚು ಲೋಹ, ಸೀಸವೂ ಸೇರಿ, ಕಾಯಿಲ್ ದಾಟಿ ಬಂದ ಆವಿಯಲ್ಲಿತ್ತು. "ಬರೀ ನೀರಿನ ಆವಿ ಉಮ್ಮಾ, ಶೀತಕ್ಕೆ ಹಿಡಿಯುವ ಹಾಗೆ" ಎಂದು ಮನೆಯಲ್ಲಿ ನಂಬಿಸಿದವನು ಇದಕ್ಕೆ ಏನು ಹೇಳುತ್ತಾನೆ?

ಸುಮ್ಮನೆ ಹೆದರಿಸುವುದು ನನಗೆ ಬೇಡ. 2019ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶ ಕೆಟ್ಟು ಜನ ಸತ್ತ ಸುದ್ದಿಯನ್ನು ವಾಟ್ಸಾಪಿನಲ್ಲಿ ಈಗಲೂ ತಿರುಗಿಸುತ್ತಾರೆ. ಅದರ ಮುಖ್ಯ ಕಾರಣ ಗಾಂಜಾ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್, ಈ ಕಾಯಿಲಲ್ಲ. ಇಂಗ್ಲೆಂಡಿನಲ್ಲಿ ಸಿಗರೇಟ್ ಬಿಡಲಾಗದ ದೊಡ್ಡವರಿಗೆ ಇದನ್ನು ಸೂಚಿಸುತ್ತಾರೆ ಎಂಬುದೂ ನಿಜ. ದಿನಕ್ಕೆ ಇಪ್ಪತ್ತು ಸಿಗರೇಟ್ ಸೇದುವ ಐವತ್ತರ ಮನುಷ್ಯನಿಗೆ ಅದು ಒಂದು ಲೆಕ್ಕ. ಜನ್ಮದಲ್ಲಿ ಸಿಗರೇಟ್ ಮುಟ್ಟದೆ ಹತ್ತೊಂಬತ್ತಕ್ಕೆ ನಿಕೋಟಿನ್ ಹಿಡಿಸಿಕೊಂಡ ನಮ್ಮ ಹುಡುಗ ಯಾವ ಸಿಗರೇಟನ್ನು ಬಿಡುತ್ತಿದ್ದಾನೆ?

ಮನೆಯವರ ಮೇಲೆ ನನ್ನ ಸಿಟ್ಟು ಇನ್ನೂ ಹೆಚ್ಚು. ಬ್ಯಾರಿ ಮನೆಗಳಿಗೆ ಹೊಗೆಸೊಪ್ಪು ಹೊಸದಲ್ಲ. ಎಷ್ಟು ಉಮ್ಮಂದಿರು ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟಿ ಮಕ್ಕಳ ಫೀಸು ಕಟ್ಟಿದರು! ಆ ಪುಡಿ ಉಸಿರಾಡಿ ಕೆಮ್ಮಿದವರ ಮನೆಯಲ್ಲೇ ಈಗ ಮೊಮ್ಮಗ ಹೈಲೈಟರ್ ಪೆನ್ನಿನಂಥದ್ದನ್ನು ಚಾರ್ಜಿಗಿಟ್ಟರೆ, ವಾಸನೆ ಒಳ್ಳೆಯದಿದೆ ಎಂದು ಸುಮ್ಮನಿರುತ್ತಾರೆ. ಬೀಡಿ ಸೇದಿದರೆ ಬಾಪ ಹೊಡೆಯುತ್ತಿದ್ದರು, ಇದಕ್ಕೆ ಯಾರೂ ಬಾಯಿ ಬಿಡುವುದಿಲ್ಲ. ಮದುವೆ ಮನೆಯಲ್ಲಿ ಪುದಿಯಾಪ್ಳೆಯ ಗೆಳೆಯರು ಕಾರಿನೊಳಗೆ ಗಾಜು ಏರಿಸಿ ಮೋಡ ಬಿಡುವುದು ಗಮ್ಮತ್ತೆಂದೇ ಆಗಿದೆ.

ಕಾನೂನಿನ ಮಾತು ಚಿಕ್ಕದು. ಯುಎಇಯಲ್ಲಿ 2019ರಿಂದ ಇದರ ಮಾರಾಟಕ್ಕೆ ಅನುಮತಿ ಇದೆ, ಕತಾರಿನಲ್ಲಿ ಇಲ್ಲ. ಕರ್ನಾಟಕ 2016ರಲ್ಲೇ ನಿಷೇಧಿಸಿತ್ತು. 2019ರ ಕೇಂದ್ರ ಕಾಯ್ದೆ ಬಂದ ಮೇಲೆ ತಲಪಾಡಿಯ ಆಚೆ ಈಚೆ ಎಂಬ ವ್ಯತ್ಯಾಸವೇ ಇಲ್ಲ. ಆಮದು, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲಕ್ಕೂ ತಡೆ. ಮೊದಲ ಬಾರಿಗೆ ಒಂದು ವರ್ಷದ ತನಕ ಜೈಲು ಅಥವಾ ಒಂದು ಲಕ್ಷದ ತನಕ ದಂಡ, ಅಥವಾ ಎರಡೂ. ದುಬೈಯಿಂದ ನಾಲ್ಕು ತಂದು ಕಾಲೇಜಿನ ಭಾವಮೈದುನನ ಕೈಯಲ್ಲಿ ಮಾರಿಸುವವರು ಆ ಹುಡುಗನ ಪಾಸ್‌ಪೋರ್ಟಿನ ಗತಿ ಏನಾದೀತು ಎಂದು ಯೋಚಿಸಿದ್ದಾರೆಯೇ? ನಾಳೆ ಅವನಿಗೂ ವೀಸಾ ಬೇಕಲ್ಲ.

ಕಾಯಿಲ್ ರಿಪೇರಿ ನಾನು ಮಾಡಿಕೊಡುವುದಿಲ್ಲ, ಹೇಳಿಕೊಡುವುದೂ ಇಲ್ಲ. ಬಿಡಬೇಕು, ಆಗುತ್ತಿಲ್ಲ, ಎರಡು ಗಂಟೆ ಎಳೆಯದಿದ್ದರೆ ತಲೆ ಕೆಡುತ್ತದೆ ಎನ್ನುವವರಿಗೆ ಸರ್ಕಾರದ ತಂಬಾಕು ಕ್ವಿಟ್‌ಲೈನ್ ಇದೆ: 1800-11-2356. ಸಿಗರೇಟ್ ಪ್ಯಾಕಿನ ಮೇಲೆ ಬರೆದಿರುವುದು ಇದೇ ನಂಬರ್. ಕರೆಗೆ ದುಡ್ಡಿಲ್ಲ. ಮಾತಾಡಲು ನಾಚಿಕೆಯಾದರೆ ಮನೆಯಿಂದ ಹೊರಗೆ ಹೋಗಿ, ತೋಟದಲ್ಲಿ ನಿಂತು ಮಾಡಿ.