ಆಂಪ್ಲಿಫಾಯರ್ ಯಾರ ಕಿವಿಗೆ?

ಬ್ಲಾಗಿನ ಕಡೆ ತಲೆ ಹಾಕದೆ ಬಹಳ ದಿನಗಳಾದವು. ಈ ಸಲ ಊರಿಗೆ ಹೋಗಿ ಬಂದ ಮೇಲೆ ಬರೆಯದೆ ಇರಲಾಗಲಿಲ್ಲ.

ಕಬ್ಬಿನ ಸೀಜನ್. ರಾತ್ರಿ ಒಂಬತ್ತೂವರೆ. ಗೋಕಾಕ ಬಿಟ್ಟು ಮೂಡಲಗಿ ಕಡೆ ಹೊರಟಿದ್ದೆ. ಮುಂದೆ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್. ಹಿಂದೆ ಒಂದು ಕೆಂಪು ದೀಪವೂ ಇಲ್ಲ. ಹಾಡು ಮಾತ್ರ ಟ್ರ್ಯಾಕ್ಟರ್ ಕಾಣುವ ಮೊದಲೇ ಕೇಳಿಸಿತ್ತು! ಹಾರ್ನ್ ಹೊಡೆದೆ, ಮತ್ತೆ ಹೊಡೆದೆ... ಊಹೂಂ. ದಾಟೋಣ ಅಂತ ಬಲಕ್ಕೆ ತಗೊಂಡೆ, ಆತ ಗುಂಡಿ ತಪ್ಪಿಸಲು ತಾನೂ ಬಲಕ್ಕೆ ಎಳೆದ. ನನ್ನ ಕಾರಿನ ಎರಡು ಚಕ್ರ ರಸ್ತೆ ಬಿಟ್ಟು ಕೆಳಗಿಳಿದವು. ಪಕ್ಕದಲ್ಲಿ ಅವ್ವ ಕೂತಿದ್ದಳು. ಮನೆ ಮುಟ್ಟುವವರೆಗೆ ಮಾತಾಡಲಿಲ್ಲ.

ಮುಂದೆ ಚಹಾದಂಗಡಿ ಹತ್ತಿರ ಆತ ನಿಲ್ಲಿಸಿದಾಗ ಬೈಯಬೇಕು ಅಂತಲೇ ಇಳಿದೆ. ನೋಡಿದರೆ ಇಪ್ಪತ್ತರ ಹುಡುಗ. "ಹಾರ್ನ್ ಕೇಳಸಲೇ ಇಲ್ರಿ ಅಣ್ಣಾರ. ಹಾಡ ಹಚ್ಚಲಿಲ್ಲಂದ್ರ ನಿದ್ದಿ ಬರ್ತೈತ್ರಿ. ನಿನ್ನಿ ರಾತ್ರಿನೂ ಫ್ಯಾಕ್ಟರಿ ಮುಂದ ಪಾಳೇದಾಗ ನಿಂತೇನ್ರಿ" ಅಂದ. ನನಗೆ ಬೈಯಲು ಬಾಯಿ ಬರಲಿಲ್ಲ.

ಯಾಕೆಂದರೆ ನಾನೂ ಏನು ಸಾಚಾ ಅಲ್ಲ. ಕಾರಿನ ಕಂಪನಿ ಸ್ಟೀರಿಯೋ ಸಾಕಾಗಲ್ಲ ಅಂತ ಆಂಪ್ಲಿಫಾಯರ್ ಹಾಕಿಸಿದವನೇ. ಸ್ಟೀರಿಯೋ ಡಬ್ಬದ ಮೇಲೆ '50 ವಾಟ್ × 4' ಅಂತ ಬರೆದಿರುತ್ತೆ, ನಂಬಬೇಡಿ. 12 ವೋಲ್ಟ್ ಬ್ಯಾಟರಿ ಮೇಲೆ ಅದರೊಳಗಿನ ಐಸಿ ಒಂದೊಂದು ಸ್ಪೀಕರಿಗೆ ಸತತವಾಗಿ ಕೊಡೋದು ಸುಮಾರು 15ರಿಂದ 20 ವಾಟ್ ಅಷ್ಟೇ. ವಾಲ್ಯೂಮ್ ಅದಕ್ಕೂ ಮೇಲೆ ಏರಿಸಿದರೆ ಹಾಡು ಒಡೆಯುತ್ತೆ. ಆದ್ದರಿಂದ ಬೇರೆ ಆಂಪ್ಲಿಫಾಯರ್ ಹಾಕೋದರಲ್ಲಿ ಅರ್ಥ ಇದೆ.

ಆದರೆ ಹಾಕಿದ ರೀತಿ ನೋಡಿ. ಫಿಟ್ಟರ್ ಹುಡುಗ ಕರೆಂಟನ್ನು ಸ್ಟೀರಿಯೋ ಹಿಂದಿನ ತೆಳ್ಳಗಿನ ವೈರಿನಿಂದಲೇ ಎಳೆದ. ಅದಕ್ಕಿರೋದು 10–15 ಆಂಪಿಯರ್ ಫ್ಯೂಸು. 200 ವಾಟ್ ಹೊರಗೆ ಬರಬೇಕಾದರೆ ಮಾಮೂಲಿ ಆಂಪ್ಲಿಫಾಯರ್ 25 ಆಂಪಿಯರಿಗಿಂತ ಹೆಚ್ಚು ಕೇಳುತ್ತೆ. ಫ್ಯೂಸು ಹೋಯಿತು. "ದೊಡ್ಡದು ಹಾಕ್ತೀನಿ ಬಿಡ್ರಿ" ಅಂದ, ನಾನೂ ಹೂಂ ಅಂದೆ. ಒಂದು ದಿನ ಹುಕ್ಕೇರಿಗೆ ಮದುವೆಗೆ ಹೋಗುವಾಗ ಡ್ಯಾಶ್‌ಬೋರ್ಡಿನಿಂದ ಸುಟ್ಟ ವಾಸನೆ! ವೈರು ಕರಗಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು.

ಹಾಕಿಸುವವರು ಇಷ್ಟು ನೆನಪಿಡಿ. ಕರೆಂಟು ನೇರ ಬ್ಯಾಟರಿಯಿಂದ, ದಪ್ಪ ತಾಮ್ರದ ವೈರಿನಲ್ಲಿ ಬರಬೇಕು. ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ವೈರು ತಡೆಯುವಷ್ಟೇ ಇರಬೇಕು. ಅರ್ಥ್ ಅನ್ನು ಬಣ್ಣ ಕೆರೆದ ಬರಿ ಲೋಹಕ್ಕೆ ಬಿಗಿಯಬೇಕು. ಕಂಪನಿ ಸ್ಟೀರಿಯೋ ಬಿಚ್ಚಿ ಎಸೆಯಬೇಕಿಲ್ಲ, ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತಗೊಳ್ಳುವ ಆಂಪ್ಲಿಫಾಯರ್ ಸಿಗುತ್ತವೆ. 'ಗೇನ್' ಅನ್ನೋದು ವಾಲ್ಯೂಮ್ ಅಲ್ಲ, ಅದನ್ನು ಪೂರ್ತಿ ತಿರುಗಿಸಬೇಡಿ.

ಇನ್ನೊಂದು ಲೆಕ್ಕ. 20 ವಾಟನ್ನು 200 ಮಾಡಿದರೆ ಸಿಗೋದು 10 ಡೆಸಿಬೆಲ್. ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರು ಅನ್ನಿಸುತ್ತೆ, ಹತ್ತು ಪಟ್ಟು ಅಲ್ಲ! ಅಂದರೆ ಹೆಚ್ಚಿನ ವಾಟ್ ಇರೋದು ಹಾಡು ಒಡೆಯದೆ ಸ್ವಚ್ಛ ಕೇಳಿಸಲಿ ಅಂತ, ಊರಿಗೆಲ್ಲ ಕೇಳಿಸಲಿ ಅಂತಲ್ಲ. ಗಾಜು ಏರಿಸಿದ ಕಾರಿನಲ್ಲಿ ಇದು ಸುಲಭ. ಟ್ರ್ಯಾಕ್ಟರಿಗೆ ಬಾಗಿಲಿಲ್ಲ, ಇಂಜಿನ್ನು ಕಾಲ ಮುಂದೆಯೇ ಹೊಡಕೊಳ್ಳುತ್ತೆ. ಅದನ್ನು ಮೀರಿಸಲು ಬಾಕ್ಸಿನ ಮೇಲೆ ಬಾಕ್ಸು. ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು, 100 ಡೆಸಿಬೆಲ್ ಆದರೆ 15 ನಿಮಿಷ ಮಾತ್ರ. ಆ ಹುಡುಗ ರಾತ್ರಿಯಿಡೀ ಕೇಳ್ತಾನೆ. ಇಪ್ಪತ್ತಕ್ಕೇ ಅವನ ಕಿವಿ ಹೋದರೆ ಯಾರು ಕೊಡ್ತಾರೆ?

ನಮ್ಮಲ್ಲಿ ಕಾನೂನಿಲ್ಲವೇ? ಇದೆ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ಜನವಸತಿಗೆ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ಆದರೆ ಸ್ಪೀಕರ್ ಕಿತ್ತುಕೊಂಡು ದಂಡ ಹಾಕಿದರೆ ಕೆಲಸ ಮುಗೀತು ಅಂತ ನಾನು ಒಪ್ಪಲ್ಲ. ಹಾಡು ಕಸಿದುಕೊಂಡರೆ ಆತ ನಿದ್ದೆಗೆ ಬೀಳ್ತಾನೆ, ಆಮೇಲೆ? ಎರಡು ರಾತ್ರಿ ಪಾಳೆಯಲ್ಲಿ ನಿಲ್ಲಿಸುವವರಿಗೂ, ರಿಫ್ಲೆಕ್ಟರ್ ಇಲ್ಲದ ಟ್ರೇಲರ್ ಕಳಿಸುವ ಮಾಲೀಕರಿಗೂ ಪ್ರಶ್ನೆ ಕೇಳಬೇಕು. ಬಾಕ್ಸಿಗೆ ಸುರಿಯುವ ಸಾವಿರಾರು ರೂಪಾಯಿಯಲ್ಲಿ ಹಿಂದೆ ಎರಡು ಕೆಂಪು ದೀಪ, ನಾಲ್ಕು ರಿಫ್ಲೆಕ್ಟರ್ ಬರಲ್ಲವೇ? ಹಾಡು ಬೇಕೇ ಬೇಕು ಅಂದರೆ ರಸ್ತೆ ಕಡೆ ಮುಖ ಮಾಡಿದ ಬಾಕ್ಸು ಬಿಟ್ಟು, ಸೀಟಿನ ಹತ್ತಿರ ಎರಡು ಸಣ್ಣ ಸ್ಪೀಕರ್ ಇಟ್ಟುಕೊಳ್ಳಲಿ. ಅವನಿಗೆ ಹಾಡೂ ಕೇಳಿಸಬೇಕು, ಹಿಂದಿನವರ ಹಾರ್ನೂ ಕೇಳಿಸಬೇಕು.

ನನ್ನ ಕಾರಿನಲ್ಲಿ ಆಂಪ್ಲಿಫಾಯರ್ ಈಗಲೂ ಇದೆ, ವೈರಿಂಗ್ ಮಾತ್ರ ಹೊಸದು. ಅವ್ವ ಪಕ್ಕದಲ್ಲಿ ಕೂತು ಮಾತಾಡಿದರೆ ಕೇಳಿಸುವಷ್ಟೇ ವಾಲ್ಯೂಮ್. ನಿಮ್ಮ ಕಡೆ ಹೇಗಿದೆ? ಏನಂತೀರಿ?